ಅತ್ತೆಯ ಕರಿ ಹೆಬ್ಬೆರಳು

ನಮ್ಮ ಅತ್ತೆಯವರ ಬಲಗೈ ಹೆಬ್ಬೆರಳಿನ ತುದಿ ಬೇಸಗೆ ಮುಗಿಯುವವರೆಗೂ ಕರ್ರಗಿರುತ್ತಿತ್ತು. ಮದುವೆಯಾಗಿ ಚಿಂಚೋಳಿಗೆ ಬಂದ ಹೊಸದರಲ್ಲಿ ಅದನ್ನು ನೋಡಿ, ಇವರಿಗೆ ಮಿಶ್ರಿ ತಿಕ್ಕುವ ಚಟವಿದೆ ಎಂದುಕೊಂಡೆ. ಸುಟ್ಟ ತಂಬಾಕಿನ ಆ ಪುಡಿಯಿಂದ ಹಲ್ಲು ತಿಕ್ಕುವ ಹೆಂಗಸರು ನನ್ನ ತವರು ಚಿತ್ತಾಪುರದ ಓಣಿಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಆದರೆ ಅತ್ತೆಯ ಹಲ್ಲು ಬೆಳ್ಳಗಿದ್ದವು. ಕೇಳುವ ಧೈರ್ಯ ನನಗಿರಲಿಲ್ಲ. ತೊಗರಿಯ ಸುಗ್ಗಿ ಬಂದ ಮೇಲೆ ತಾನಾಗಿಯೇ ತಿಳಿಯಿತು, ಅದು ಸೀಸದ ಕಪ್ಪು.

ಆಗ ನಮ್ಮದು ಇನ್ನೂ ಮೈಸೂರು ರಾಜ್ಯ. ಮಾವನವರು ನಿಜಾಮರ ಕಾಲದಲ್ಲಿ ಅರಣ್ಯ ಇಲಾಖೆಯಲ್ಲಿದ್ದವರು. ಊರು ಬಿಟ್ಟು ಹೋಗುವಾಗ ಯಾರೋ ಸಾಹೇಬರು ಅವರಿಗೊಂದು ವಿಲಾಯತಿ ಏರ್‌ಗನ್ ಕೊಟ್ಟಿದ್ದರಂತೆ. ಮಾವ ಅದನ್ನು ಗೋಡೆಗೆ ನೇತುಹಾಕಿ ಬಂದವರಿಗೆ ತೋರಿಸುತ್ತಿದ್ದರು, ಅಷ್ಟೇ. ಅವರು ತೀರಿಕೊಂಡ ಮೇಲೆ ಅತ್ತೆ ಅದನ್ನು ಗೋಡೆಯಿಂದ ಇಳಿಸಿ ಕೆಲಸಕ್ಕೆ ಹಚ್ಚಿದರು.

ಕೆಲಸವೆಂದರೆ ಮಂಗಗಳ ಕಾವಲು. ವರ್ಷದ ಬೇಳೆಗೆಂದು ತೊಗರಿ ನೆನೆಸಿ, ಮಾಳಿಗೆಯ ಮೇಲೆ ಶಹಾಬಾದಿ ಕಲ್ಲಿನ ನೆಲದಲ್ಲಿ ಹರವುತ್ತಿದ್ದೆವು. ಒಮ್ಮೆ ನೆನೆದ ತೊಗರಿ ಯಾರಿಗೂ ಕಾಯುವುದಿಲ್ಲ, ಬಿಸಿಲು ಕಾಣದಿದ್ದರೆ ವಾಸನೆ ಹಿಡಿಯುತ್ತದೆ. ಕಾಡಿನ ಕಡೆಯಿಂದ ಬರುವ ಮಂಗಗಳಿಗೂ ಇದು ಗೊತ್ತಿತ್ತೋ ಏನೋ, ಹರವಿದ ಹೊತ್ತಿಗೆ ಸರಿಯಾಗಿ ಹಿತ್ತಲಿನ ಬೇವಿನ ಮರಕ್ಕೆ ಬಂದು ಕೂರುತ್ತಿದ್ದವು. ಅತ್ತೆ ಆ ಮರದ ಕೊಂಬೆಗೆ ಎಣ್ಣೆ ಡಬ್ಬಿಯ ತಗಡಿನ ಮುಚ್ಚಳವೊಂದನ್ನು ಕಟ್ಟಿಸಿದ್ದರು. ಗುಂಡು ಮುಚ್ಚಳಕ್ಕೆ ಬಡಿದು ಠಣ್ ಎಂದರೆ ಮಂಗಗಳು ಕಾಡಿನತ್ತ ಓಡಬೇಕು. ಮಂಗಕ್ಕೆ ಮಾತ್ರ ಯಾವ ಕಾರಣಕ್ಕೂ ತಾಕಕೂಡದು. ಬೇರೆಯವರ ಗುರಿ ಹೊಡೆಯುವುದಕ್ಕಾದರೆ, ನಮ್ಮ ಅತ್ತೆಯ ಗುರಿ ಹೊಡೆಯದೇ ಇರುವುದಕ್ಕೆ.

ಅದಕ್ಕೇ ಅವರು ಗುಂಡಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು. ಅವರ ಮಾತಿನಲ್ಲಿ ಅದು ಛರ್ರಾ: ನಡು ಸಣ್ಣಗಿರುವ, ಹಿಂಭಾಗ ಟೊಳ್ಳಾಗಿರುವ ಸೀಸದ ಚೂರು. ಹಳೆಯ ಬಂದೂಕಿನ ನಳಿಗೆ ಪೇಟೆಯಲ್ಲಿ ಸಿಗುವ ಛರ್ರಾಗಳಿಗಿಂತ ಕೂದಲೆಳೆಯಷ್ಟು ಅಗಲ. ಅದೂ ಅಲ್ಲದೆ ಒಂದೇ ಡಬ್ಬಿಯೊಳಗಿನವು ಒಂದೇ ಅಳತೆಗೆ ಇರುತ್ತಿರಲಿಲ್ಲ. ಅತ್ತೆ ಬಂದೂಕನ್ನು ಬಗ್ಗಿಸಿ, ನಳಿಗೆಯ ಬಾಯಿ ತೆರೆದು, ಒಂದೊಂದನ್ನೇ ಇಟ್ಟು ನೋಡುತ್ತಿದ್ದರು. ತಾನಾಗಿ ಜಾರಿ ಒಳಗೆ ಬಿದ್ದರೆ ಅದು ಸಡಿಲು. ಒತ್ತಿದರೂ ಹೋಗದಿದ್ದರೆ ಬಿಗಿ. ಅಂಥವನ್ನು ಚಂದ್ರಂಪಳ್ಳಿಯಲ್ಲಿ ಮೀನು ಹಿಡಿಯುವವರು ಬಲೆಗೆ ತೂಕ ಕಟ್ಟಲು ಒಯ್ಯುತ್ತಿದ್ದರು. ಹೆಬ್ಬೆರಳಿನಿಂದ ಮೆತ್ತಗೆ ಒತ್ತಿದಾಗ ಒಳಹೋಗುವುದು ಸರಿಯಾದದ್ದು.

ಸಡಿಲಾದವನ್ನು ಅವರು ಎಸೆಯುತ್ತಿರಲಿಲ್ಲ. ಕಾಡಿಗೆ ಹಚ್ಚುವ ಹಿತ್ತಾಳೆ ಕಡ್ಡಿಯ ಗುಂಡನೆಯ ತುದಿಯನ್ನು ಛರ್ರಾದ ಟೊಳ್ಳಿಗೆ ಇಟ್ಟು, ಒತ್ತಿ ತಿರುವಿ, ಅದರ ಹಿಂಭಾಗವನ್ನು ಒಂದಿಷ್ಟು ಅರಳಿಸುತ್ತಿದ್ದರು. ಮತ್ತೆ ನಳಿಗೆಗೆ ಇಟ್ಟು ನೋಡುತ್ತಿದ್ದರು. ಮಾವ ಹೋದ ಮೇಲೆ ಅವರು ಕಣ್ಣಿಗೆ ಕಾಡಿಗೆ ಹಚ್ಚಿರಲಿಲ್ಲ. ಕಡ್ಡಿಗೆ ಈ ಕೆಲಸ ಸಿಕ್ಕಿತ್ತು.

ಠಣ್ ಎಂದ ಕೂಡಲೇ ಕೆಳಗೆ ಅಂಗಳದಲ್ಲಿರುತ್ತಿದ್ದ ನನ್ನ ಯಜಮಾನರು ತಲೆ ಎತ್ತದೆ ಕೇಳುತ್ತಿದ್ದರು, "ಹೋದ್ವೇನವ್ವಾ?"

"ಹೋದ್ವು," ಎನ್ನುತ್ತಿದ್ದರು ಅತ್ತೆ. ದಿನವೂ ಇದೇ ಪ್ರಶ್ನೆ, ಇದೇ ಉತ್ತರ. ತಾಯಿ ಮಗನ ನಡುವೆ ಬೇರೆ ಮಾತುಕತೆ ಅಷ್ಟಕ್ಕಷ್ಟೆ.

ವಾಡಿಯಲ್ಲಿ ನೌಕರಿಗಿದ್ದ ನನ್ನ ಮೈದುನ ಒಮ್ಮೆ ಹೈದರಾಬಾದಿನಿಂದ ಥಳಥಳ ಹೊಳೆಯುವ ಹೊಸ ಛರ್ರಾಗಳನ್ನು ತಂದ. ಒಂದನ್ನು ನಳಿಗೆಗೆ ಹಾಕಿ ತೋರಿಸಿದ.

"ನೋಡವ್ವಾ, ಎಷ್ಟ ಸಲೀಸ ಹೋಗ್ತದ. ನೀ ಸುಮ್ಮನ ಒತ್ತಿ ಒತ್ತಿ ಬೆರಳ ಕರ್ರಗ ಮಾಡ್ಕೊಂಡೀದಿ."

"ಸಲೀಸ ಹೋಗಿದ್ದು ಎತ್ತ ಹೊಂಟು ನಿಲ್ತದೋ ಯಾರಿಗ್ ಗೊತ್ತು ತಮ್ಮಾ? ಗಾಳಿ ಬಾಜೂಕಿಂದ ಹೋಗಿಬಿಡ್ತದ. ಅದು ಬ್ಯಾಡ, ಇಟ್ಟುಬಿಡು."

ಅತ್ತೆ ನೀರು ಕುಡಿಯಲು ಕೆಳಗಿಳಿದದ್ದೇ ತಡ, ಅವನು ಹೊಡೆದ. ಠಣ್ ಎನ್ನಲಿಲ್ಲ. ಗುಂಡು ಮುಚ್ಚಳಕ್ಕಿಂತ ಕೆಳಗೆ ಹೋಗಿ ಒಂದು ಹೆಣ್ಣು ಮಂಗದ ಹಿಂಗಾಲಿಗೆ ತಾಕಿತು. ಅದು ಚೀರಿದ ದನಿ ಕೇಳಿ ಅತ್ತೆ ಮೆಟ್ಟಿಲು ಹತ್ತಿ ಬಂದರು. ಹೊಸ ಡಬ್ಬಿಯನ್ನು ಒಯ್ದು ಹಿತ್ತಲಿನ ಹಾಳು ಬಾವಿಗೆ ಹಾಕಿ ಬಂದರು. ಅವತ್ತು ಊಟ ಮಾಡಲಿಲ್ಲ.

ಮರುದಿನದಿಂದ ಮಾಳಿಗೆಯ ಮೂಲೆಯ ಗೋಡೆಯ ಮೇಲೆ ಒಂದು ಹಿಡಿ ನೆನೆದ ತೊಗರಿ ಇಡತೊಡಗಿದರು. ಕೆಲವು ದಿನಗಳ ಮೇಲೆ ಆ ಕುಂಟ ಮಂಗ ಹೆದರುತ್ತ ಹೆದರುತ್ತ ಬಂತು. ಕಾವಲಿಗೆ ಕುಳಿತವರೇ ಕಳ್ಳರಿಗೆ ಊಟ ಬಡಿಸುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

"ನಗಾಕತ್ತೀದೇನು? ಕುಂಟಿಗೆ ಎಲ್ಲಾರಂಗ ಜಿಗದು ತಿನ್ನಾಕ ಆಗಂಗಿಲ್ಲ, ಪಾಪ," ಎಂದರು.

ಅಲ್ಲಿಯವರೆಗೆ ಅವರೆಂದರೆ ನನಗೆ ಬರೀ ಹೆದರಿಕೆ. ಪ್ರೀತಿ ಹುಟ್ಟಿದ್ದು ಆ ದಿನ.

ವರ್ಷಗಳು ಕಳೆದವು, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು, ಅತ್ತೆಯ ಕಣ್ಣಿಗೆ ಪೊರೆ ಬಂತು. ಒಂದು ಬೆಳಿಗ್ಗೆ ಅವರು ಹೊಡೆದಾಗ ಠಣ್ ಕೇಳಿಸಲಿಲ್ಲ. ಮಂಗವೂ ಚೀರಲಿಲ್ಲ. ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡರು.

"ಎಲ್ಲಿಗ್ ಹೋತು?"

"ಕಾಣಲಿಲ್ರಿ ಅತ್ತಿ. ಯಾವುದಕ್ಕೂ ತಾಕಿಲ್ಲರಿ."

"ಛರ್ರಾ ಸರಿ ಇತ್ತು. ನನ್ನ ಕಣ್ಣ ಸರಿ ಇಲ್ಲ. ಇನ್ನ ನಾ ಹೊಡಿಬಾರದು. ನೀ ಹಿಡಿ."

ಯಜಮಾನರು ಮೇಲೆ ಬಂದು, ಸೊಸೆಯ ಕೈಗೆ ಬಂದೂಕು ಕೊಡುವುದೇ, ಓಣಿಯವರು ಏನಂದಾರು ಎಂದು ಗೊಣಗಿದರು. "ಇಷ್ಟ ದಿನ ಯಾವ ಗಂಡಸಿನ ಕೈಯಾಗ ಇತ್ತೋ ಇದು?" ಎಂದರು ಅತ್ತೆ. ಯಜಮಾನರು ಬಂದ ದಾರಿ ಹಿಡಿದರು.

ಅಲ್ಲಿಂದ ಮುಂದೆ ಹೊಡೆಯುವವಳು ನಾನು, ಛರ್ರಾ ಆರಿಸುವವರು ಅವರು. ಕಣ್ಣು ಮುಚ್ಚಿಕೊಂಡೇ ಬೆರಳಿನಿಂದ ಸಡಿಲು ಬಿಗಿ ಹೇಳುತ್ತಿದ್ದರು. ಸರಿಯಾದವನ್ನು ಒಂದು ಕುಂಕುಮದ ಭರಣಿಯಲ್ಲಿ ತುಂಬಿ ನನ್ನ ಪಕ್ಕ ಇಡುತ್ತಿದ್ದರು. ನನ್ನ ಗುರಿ ಮೊದಮೊದಲು ಸರಿ ಹೋಗಲಿಲ್ಲ. ಮಂಗಗಳ ತಲೆಗಿಂತ ಬಹಳ ಮೇಲೆ, ಆಕಾಶಕ್ಕೆ ಹೊಡೆಯುತ್ತಿದ್ದೆ. ಅತ್ತೆ ಬೈಯುತ್ತಿರಲಿಲ್ಲ, "ಅಂಜಿ ಮ್ಯಾಲ ಹೊಡಿಯೂದು ಛಲೋನ ಆತು," ಎನ್ನುತ್ತಿದ್ದರು. ಕಲಿತ ಮೇಲೂ ಠಣ್ ಕೇಳಿದಾಗ ಯಜಮಾನರು ಕೆಳಗಿನಿಂದ ಕೇಳುತ್ತಿದ್ದದ್ದು ತಾಯಿಯನ್ನೇ. ಏನೂ ಕಾಣದ ಅತ್ತೆ ಕೊಂಬೆಗಳ ಸಪ್ಪಳ ನಿಲ್ಲುವವರೆಗೆ ಕಿವಿಗೊಟ್ಟು, "ಹೋದ್ವು," ಎನ್ನುತ್ತಿದ್ದರು.

ಒಂದು ಬೇಸಗೆಯಲ್ಲಿ ಜ್ವರ ಬಂತು. ಹೆಚ್ಚು ದಿನ ನರಳಲಿಲ್ಲ. ಮಣ್ಣು ಮಾಡಿ ಬಂದ ಮರುದಿನ ಮನೆ ತುಂಬ ಜನರಿದ್ದರು. ಅತ್ತೆ ಹೋದ ದಿನ ಬೆಳಿಗ್ಗೆ, ಹೀಗಾಗುತ್ತದೆಂದು ತಿಳಿಯದೆ ನಾನು ನೆನೆಸಿದ್ದ ತೊಗರಿ ಹಾಗೇ ಇತ್ತು. ನಾನು ಬುಟ್ಟಿ ಎತ್ತಿಕೊಂಡದ್ದನ್ನು ಕಂಡು ಸೇಡಂನಿಂದ ಬಂದಿದ್ದ ಹಿರಿಯರೊಬ್ಬರು, "ಇವತ್ತರ ಸುಮ್ಮನ ಕುಂದ್ರಬಾರದೇನ ಯವ್ವಾ?" ಎಂದರು.

"ತೊಗರಿ ನೆನದಾವ್ರಿ," ಎಂದೆ.

ಹರವಿ ಮುಗಿಸುವಷ್ಟರಲ್ಲಿ ಮಂಗಗಳು ಬಂದವು. ಗೋಡೆಯ ಮೂಲೆಯಲ್ಲಿ ಒಂದು ಹಿಡಿ ಇಟ್ಟೆ. ಭರಣಿಯಲ್ಲಿ ಅತ್ತೆ ಆರಿಸಿಟ್ಟಿದ್ದ ಛರ್ರಾಗಳು ಇನ್ನೂ ಇದ್ದವು. ಒಂದನ್ನು ನಳಿಗೆಗೆ ಇಟ್ಟು ಒತ್ತಿದೆ. ಮೆತ್ತಗೆ ಒಳಗೆ ಹೋಯಿತು. ಹೊಡೆದೆ. ಠಣ್ ಎಂದಿತು.

ಅಂಗಳದಲ್ಲಿ ಬಂದವರ ನಡುವೆ ತಲೆ ತಗ್ಗಿಸಿ ಕುಳಿತಿದ್ದ ಯಜಮಾನರು ತಲೆ ಎತ್ತದೆ ಕೇಳಿದರು, "ಹೋದ್ವೇನವ್ವಾ?"

ಬಂದವರೆಲ್ಲ ಮಾಳಿಗೆಯತ್ತ ತಲೆ ಎತ್ತಿದರು. ಕೊಂಬೆಗಳ ಸಪ್ಪಳ ನಿಲ್ಲುವವರೆಗೆ ನಾನು ಕಾದೆ. ನನ್ನ ಹೆಬ್ಬೆರಳೂ ಕರ್ರಗಾಗಿತ್ತು.

"ಹೋದ್ವು," ಎಂದೆ.