ಉಸಿರಿಗೆ ಹಾಕಿದ ಗೀಟುಗಳು

ನಮ್ಮ ಇಗರ್ಜಿಯಲ್ಲಿ ಭಾನುವಾರದ ಬಲಿಪೂಜೆಗೆ ಬೈಬಲ್ ವಾಚನ ಓದುವವರು ನಾಲ್ಕೈದು ಮಂದಿ ಇದ್ದೇವೆ. ಹಬ್ಬದ ದಿನಗಳಲ್ಲಿ ಮಾತ್ರ ಯಾರ ಸರದಿಯನ್ನೂ ನೋಡದೆ ನನ್ನ ಕೈಗೇ ಪುಸ್ತಕ ಕೊಡುತ್ತಾರೆ. ಜಂಬ ಎಂದರೆ ಜಂಬ. ನನ್ನ ಸ್ವರ ಗಟ್ಟಿ, ಉಚ್ಚಾರ ಶುದ್ಧ, ಕೊನೆಯ ಬೆಂಚಿನಲ್ಲಿ ಕುಳಿತ ಕಿವಿ ಮಂದವಾದ ಅಜ್ಜಿಯಂದಿರಿಗೂ ಒಂದೊಂದು ಅಕ್ಷರ ಕೇಳುತ್ತದೆ. ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿಯನ್ನು ಹುಡುಗಿಯಾಗಿದ್ದಾಗ ಅಜೆಕಾರಿನಲ್ಲಿ ಓದಲು ಶುರು ಮಾಡಿದವಳು, ಮದುವೆಯಾಗಿ ಕಾಪುವಿಗೆ ಬಂದ ಮೇಲೂ ಬಿಡಲಿಲ್ಲ. ಇಂಥ ನಾನು ಫೇಲಾದದ್ದು ಓದುವುದರಲ್ಲಿ.

ಶಿಕ್ಷಕರ ಅರ್ಹತಾ ಪರೀಕ್ಷೆ ಅದು. ಎರಡು ಸಲ ಬರೆದೆ, ಎರಡು ಸಲವೂ ಸ್ವಲ್ಪದರಲ್ಲಿ ಹೋಯಿತು. ಉತ್ತರ ತುಂಬಿದ ಹಾಳೆಯ ಕಾರ್ಬನ್ ಪ್ರತಿಯನ್ನು ಮನೆಗೆ ತರಲು ಬಿಡುತ್ತಾರಲ್ಲ, ಅದನ್ನು ಕೀ ಉತ್ತರದ ಪಕ್ಕ ಇಟ್ಟು ನೋಡಿದೆ. ಗಣಿತ ಪರವಾಗಿಲ್ಲ, ಪರಿಸರ ಅಧ್ಯಯನ ಒಳ್ಳೆಯದುಂಟು, ಮಕ್ಕಳ ಮನಶ್ಶಾಸ್ತ್ರದಲ್ಲಿ ಕೈಕೊಟ್ಟಿಲ್ಲ. ಹೋದದ್ದೆಲ್ಲ ಒಂದೇ ಕಡೆ: ಕೊಟ್ಟಿರುವ ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿ. ಅಲ್ಲಿ ಸಾಲಾಗಿ ತಪ್ಪು. ನನಗೆ ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು. ಉತ್ತರ ಕಣ್ಣೆದುರಿಗೇ ಅಚ್ಚಾಗಿರುವ ಪ್ರಶ್ನೆಯಲ್ಲೇ ಮುಗ್ಗರಿಸುವುದೆಂದರೆ ಎಂಥ ಅವಮಾನ!

ಸಿಟ್ಟಿಗೆ ಕಾರಣ ಇನ್ನೊಂದಿತ್ತು. ಎರ್ಮಾಳಿನ ಕಡಲ ಬದಿಯ ಒಂದು ಅನುದಾನಿತ ಶಾಲೆಯಲ್ಲಿ ನಾನು ಬಹಳ ವರ್ಷಗಳಿಂದ ಗೌರವ ಶಿಕ್ಷಕಿ. ಅಂದರೆ ಪಾಠ ಎಲ್ಲರಷ್ಟೇ, ಕೆಲಸದ ಖಾತ್ರಿ ಮಾತ್ರ ಇಲ್ಲ. ಪ್ರತಿ ಜೂನ್‌ನಲ್ಲಿ ಅವರು ಬನ್ನಿ ಎನ್ನಬೇಕು, ಆಗ ನಾನು ಹೋಗಬೇಕು. ಆ ವರ್ಷ ಹಿರಿಯ ಟೀಚರ್ ಒಬ್ಬರು ನಿವೃತ್ತರಾಗುವವರಿದ್ದರು, ಒಂದು ಹುದ್ದೆ ಖಾಲಿಯಾಗುವುದಿತ್ತು. ಅರ್ಹತಾ ಪರೀಕ್ಷೆ ಪಾಸಾಗದವರನ್ನು ಮುಂದಿನ ಜೂನ್‌ನಿಂದ ಗೌರವ ಶಿಕ್ಷಕಿಯಾಗಿಯೂ ಇಟ್ಟುಕೊಳ್ಳುವುದಿಲ್ಲ ಎಂದು ಆಡಳಿತ ಮಂಡಳಿ ಹೇಳಿ, ಹುದ್ದೆಯ ಬಗ್ಗೆ ಒಂದು ನೋಟಿಸನ್ನೂ ಅಂಟಿಸಿಯಾಗಿತ್ತು. ಪಾಸಾದರೆ ಹುದ್ದೆ, ಇಲ್ಲದಿದ್ದರೆ ಮನೆ. ನನಗೆ ಆ ಶಾಲೆ ಬಿಟ್ಟು ಬೇರೆ ಎಲ್ಲಿಯೂ ಇರಲು ಮನಸ್ಸಿರಲಿಲ್ಲ, ಈಗಲೂ ಇಲ್ಲ.

ಉಡುಪಿಯಲ್ಲಿ ಶನಿವಾರ ಮಧ್ಯಾಹ್ನದ ಕೋಚಿಂಗ್‌ಗೆ ಸೇರಿಕೊಂಡೆ. ಅಲ್ಲಿಯ ಸರ್ ಹೇಳಿಕೊಟ್ಟದ್ದು ಮೊದಲು ಪ್ರಶ್ನೆ ಓದಿ, ಆಮೇಲೆ ಗದ್ಯ ಓದಿ, ಟೈಮ್ ಉಳಿಸಿ ಎಂದು. ನನ್ನ ಟೈಮ್ ಯಾವತ್ತೂ ಕಡಿಮೆ ಬಿದ್ದದ್ದೇ ಇಲ್ಲ. ಗಡಿಯಾರ ನೋಡಿ ತಪ್ಪು ಮಾಡುವವಳು ನಾನಲ್ಲ, ಆರಾಮವಾಗಿ ಕುಳಿತು ತಪ್ಪು ಮಾಡುವವಳು.

ಆ ಕೋಚಿಂಗ್‌ನಿಂದ ನನಗೆ ಸಿಕ್ಕಿದ ಲಾಭ ಒಬ್ಬ ಗೆಳತಿ. ಕಾಪು ಪೇಟೆಯಲ್ಲಿ ಬಟ್ಟೆ ಅಂಗಡಿ ಇರುವ ಬ್ಯಾರಿ ಮನೆಯ ಸೊಸೆ, ನನಗಿಂತ ಏಳೆಂಟು ವರ್ಷಕ್ಕೆ ಚಿಕ್ಕವಳು. ಡಿ.ಎಡ್. ಮುಗಿಸಿದ್ದಳು, ಆದರೆ ಗಂಡ ಗಲ್ಫಿನಲ್ಲಿ, ಮಾವನಿಗೆ ಅಂಗಡಿಯಲ್ಲಿ ಜನ ಬೇಕು ಎಂದು ಪಾಠ ಮಾಡಲು ಹೋಗಿರಲಿಲ್ಲ. ಅವಳೂ ಗದ್ಯಭಾಗದಲ್ಲಿ ಬಿದ್ದವಳೇ. ವಾಪಸು ಬರುವಾಗ ಬಸ್ಸಿನಲ್ಲಿ ಒಟ್ಟಿಗೆ ಕುಳಿತು ಒಂದು ಕರಾರು ಮಾಡಿಕೊಂಡೆವು. ವಾರದಲ್ಲಿ ಕೆಲವು ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಅಂಗಡಿಯಲ್ಲಿ ಓದುವುದು, ಓದುವಾಗ ನಾವಿಬ್ಬರೂ ಆಡುವ ತುಳು ಬಿಟ್ಟು ಕನ್ನಡದಲ್ಲೇ ಮಾತಾಡುವುದು. ಪರೀಕ್ಷೆ ಕನ್ನಡದಲ್ಲಿ ಅಲ್ವಾ, ನಾಲಿಗೆಗೂ ಅಭ್ಯಾಸವಾಗಲಿ ಎಂದು.

ಮೊದಲ ಸಂಜೆ ಅವಳು ಹಳೆಯ ಪ್ರಶ್ನೆಪತ್ರಿಕೆ ತೆಗೆದು, “ಟೀಚರ್, ನೀವು ಜೋರಾಗಿ ಓದಿ, ನಾನು ಕೇಳ್ತೇನೆ” ಎಂದಳು. ಓದಿದೆ. ಚೂಡಿದಾರ್ ಬಟ್ಟೆ ನೋಡುತ್ತಿದ್ದ ಇಬ್ಬರು ಹೆಂಗಸರು ಕೈ ನಿಲ್ಲಿಸಿ ಕೇಳಿದರು. ಕ್ಯಾಶ್ ಕೌಂಟರಿನಲ್ಲಿದ್ದ ಅವಳ ಮಾವ, “ಮಾಷಾ ಅಲ್ಲಾ, ರೇಡಿಯೋದ ಹಾಗೆ ಉಂಟು” ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

“ಈಗ ಹೇಳಿ, ಇದನ್ನು ಬರೆದವನು ಎಂತ ಹೇಳಿದ್ದು?” ಎಂದು ಕೇಳಿದಳು ಗೆಳತಿ.

ನಾನು ಬಾಯಿ ತೆರೆದೆ. ಗದ್ಯಭಾಗದ ಮೊದಲ ವಾಕ್ಯ ಇದ್ದ ಹಾಗೆಯೇ ಬಂತು, ಎರಡನೆಯದೂ ಬಂತು. ಅವಳು ಕೈ ಅಡ್ಡ ಹಿಡಿದಳು. “ಅದು ಅವನು ಬರೆದದ್ದು. ಹೇಳಿದ್ದು ಎಂತ?” ನಾನು ಪೇಪರಿನ ಮೇಲೆ ಮತ್ತೆ ಕಣ್ಣಾಡಿಸಿದೆ. ಪೇಪರನ್ನು ತನ್ನ ಕಡೆಗೆ ತಿರುಗಿಸಿ ನೋಡಿದವಳು, “ಇದೆಂತ ಟೀಚರ್, ಎಡೆಯೆಡೆಯಲ್ಲಿ ಪೆನ್ಸಿಲ್ ಗೀಟು?” ಎಂದಳು. ಅದು ಓದುವ ಮೊದಲು ಒಮ್ಮೆ ನೋಡಿಕೊಳ್ಳುವಾಗ ನನಗೇ ಗೊತ್ತಿಲ್ಲದೆ ಹಾಕಿದ್ದು. ವಾಚನ ಓದುವವರೆಲ್ಲ ಶನಿವಾರ ಮನೆಯಲ್ಲಿ ಹಾಗೆ ಗೀಟು ಹಾಕಿಕೊಳ್ಳುತ್ತೇವೆ. “ಉಸಿರು ತೆಗೆಯುವ ಜಾಗ” ಎಂದೆ. ಅವಳು ಎಷ್ಟು ನಕ್ಕಳೆಂದರೆ ಮಾವನ ಕಡೆ ಬೆನ್ನು ಹಾಕಿ ಕುಳಿತುಕೊಳ್ಳಬೇಕಾಯಿತು.

ಆ ರಾತ್ರಿ ನನಗೆ ನಗು ಬರಲಿಲ್ಲ. ಇಷ್ಟು ವರ್ಷ ನಾನು ಕಾಗದದ ಮೇಲೆ ಹುಡುಕಿದ್ದು ಉಸಿರನ್ನು, ಅರ್ಥವನ್ನಲ್ಲ ಎಂದು ಅರಿವಾದಾಗ ಯಾರಿಗೆ ತಾನೆ ನಗು ಬರುತ್ತದೆ? ಇಗರ್ಜಿಯಲ್ಲಿ ಅದರಿಂದ ತೊಂದರೆ ಇರಲಿಲ್ಲ. ಓದಿ ಮುಗಿಸಿ, ಇದು ದೇವರ ವಾಕ್ಯ ಎಂದು ಹೇಳಿ, ತಲೆಬಾಗಿ ಇಳಿದರಾಯಿತು. ವಿವರಿಸುವ ಕೆಲಸ ಫಾದರ್‌ದು. ಪ್ರಶ್ನೆಪತ್ರಿಕೆಯಲ್ಲಿ ಆ ಫಾದರ್ ಇಲ್ಲ.

ಮಾರನೆಯ ಸಂಜೆ ಗೆಳತಿ ಒಂದು ಉಪಾಯ ತಂದಿದ್ದಳು. “ನಮ್ಮ ಕರಾರು ಸ್ವಲ್ಪ ಮುರಿಯುವ. ಒಂದು ಪ್ಯಾರಾ ಬಾಯಿ ಮುಚ್ಚಿ ಓದಿ. ಆಮೇಲೆ ಪೇಪರ್ ಕವುಚಿ ಹಾಕಿ ನನಗೆ ತುಳುವಿನಲ್ಲಿ ಹೇಳಿ.” ಎಂಥ ಉಪಾಯ ಎಂದು ಆಮೇಲೆ ಗೊತ್ತಾಯಿತು. ಕನ್ನಡದಲ್ಲಿ ಹೇಳಿದರೆ ನನ್ನ ನೆನಪು ಅದೇ ವಾಕ್ಯಗಳನ್ನು ತಂದು ಸುರಿಯುತ್ತಿತ್ತು. ತುಳುವಿನಲ್ಲಿ ಆ ವಾಕ್ಯಗಳೇ ಇಲ್ಲವಲ್ಲ. ಅರ್ಥವಾಗದೆ ಒಂದು ಶಬ್ದ ಹೊರಡುವುದಿಲ್ಲ. ಮೊದಮೊದಲು ತೊದಲಿದೆ. ದೊಡ್ಡ ಪ್ಯಾರಾ ಓದಿ, ಮೀನು ಮಾರುಕಟ್ಟೆಯಲ್ಲಿ ಹೇಳುವ ಹಾಗೆ ಎರಡು ಮಾತು ಹೇಳಲು ಬೆವರಿದೆ. ತಿಂಗಳಾಗುವಾಗ ನಾಲಿಗೆ ಸಡಿಲವಾಯಿತು.

ಅವಳ ರೋಗ ನನ್ನದಕ್ಕೆ ಉಲ್ಟಾ. ಅಂಗಡಿಯ ಕರಪತ್ರ ಬರೆಯುವವಳು ಅವಳೇ, ಆದ್ದರಿಂದ ಅಚ್ಚಾದ ಯಾವುದನ್ನೂ ಅವಳು ನಂಬುವುದಿಲ್ಲ. ಶೇಕಡಾ ಐವತ್ತು ಎಂದು ದಪ್ಪಕ್ಷರದಲ್ಲಿ ಹಾಕಿ, ‘ವರೆಗೆ’ ಎಂಬುದನ್ನು ಇರುವೆಯಷ್ಟು ಸಣ್ಣದಾಗಿ ಹಾಕಿಸುವುದು ಹೇಗೆಂದು ಅವಳಿಗೆ ಗೊತ್ತು. ಊರಿಗೆ ಸೇತುವೆ ಬಂದದ್ದರಿಂದ ಜನರಿಗೆ ಅನುಕೂಲವಾಯಿತು ಎಂದು ಗದ್ಯಭಾಗದಲ್ಲಿ ಇದ್ದರೆ, “ಇವನು ಕಂಟ್ರಾಕ್ಟರನ ಬಾವ ಇರಬೇಕು” ಎಂದು ಅನುಕೂಲ ಆಗಲಿಲ್ಲ ಎಂಬ ಉತ್ತರಕ್ಕೆ ಗುರುತು ಹಾಕುತ್ತಿದ್ದಳು. ಅವಳಿಗೆ ಮದ್ದು ಕೊಟ್ಟದ್ದು ನಾನು. ಒಂದನೆಯ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ: “ಬೆರಳು ಇಡು. ಅವನು ಬಾವ ಅಂತ ಯಾವ ಸಾಲಿನಲ್ಲಿ ಉಂಟು? ಅಲ್ಲಿ ಬೆರಳು ಇಟ್ಟು ತೋರಿಸು.” ಅವಳು ಬೆರಳನ್ನು ಪೇಪರಿನ ಮೇಲೆಲ್ಲ ಓಡಾಡಿಸಿ, ಕೊನೆಗೆ ನನ್ನ ಮೂಗಿನ ಕಡೆ ತೋರಿಸಿದಳು.

ಅರ್ಥ ಹಿಡಿಯಲು ಕಲಿತದ್ದು ಸುಲಭದ ಭಾಗ. ಲೇಖಕರ ವಾದದಲ್ಲಿರುವ ದೌರ್ಬಲ್ಯ ಯಾವುದು ಎಂಬ ಪ್ರಶ್ನೆ ಬಂದರೆ ನಾನು ಕಲ್ಲು. ಬೇಗ ಏಳುವವರು ಜೀವನದಲ್ಲಿ ಗೆಲ್ಲುತ್ತಾರೆ ಎಂದು ಯಾರೋ ಬರೆದಿದ್ದರು, ಸಾಕ್ಷಿಗೆ ತಮ್ಮ ಅಜ್ಜನೊಬ್ಬರನ್ನು ಕೊಟ್ಟಿದ್ದರು. “ಒಬ್ಬ ಅಜ್ಜನನ್ನು ಹಿಡಿದು ಊರಿಗೆಲ್ಲ ಲೆಕ್ಕ ಹಾಕಿದ್ದಾನೆ ಮಾರಾಯ್ರೆ” ಎಂದಳು ಗೆಳತಿ. ನನಗೆ ರೇಗಿತು. “ಬರೆದವರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತುಂಟಾ?” ಎಂದೆ. ಅವಳೂ ಬಿಡಲಿಲ್ಲ. “ನಿಮಗೆ ಅಚ್ಚಾದದ್ದೆಲ್ಲ ಬೈಬಲ್” ಎಂದಳು. ನಾನು ಚೀಲ ಎತ್ತಿಕೊಂಡು ಹೊರಟೆ, ಆ ವಾರ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಶನಿವಾರ ಬಸ್ಸಿನಲ್ಲಿ ಅವಳು ಏನೂ ಆಗದ ಹಾಗೆ ನನ್ನ ಪಕ್ಕ ಬಂದು ಕುಳಿತಳು. ನಾನು ಮುಖ ಊದಿಸಿಕೊಂಡೇ ಇದ್ದೆ. ಮಾತಿಗೆ ಏನಾದರೂ ಬೇಕಲ್ಲ ಎಂದು, “ಅಲ್ಲ, ನಿಮ್ಮ ಶಾಲೆಯ ನೋಟಿಸಿನಲ್ಲಿ ಸರಿಯಾಗಿ ಎಂತ ಉಂಟು?” ಎಂದು ಕೇಳಿದಳು.

ನನ್ನ ಮೊಬೈಲಿನಲ್ಲಿ ಅದರ ಫೋಟೋ ಇತ್ತು. ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾದವರನ್ನು ಸದರಿ ಹುದ್ದೆಗೆ ಪರಿಗಣಿಸಲಾಗುವುದು. ಬಾಯಿಪಾಠವಾಗಿತ್ತು ನನಗೆ. ಗೆಳತಿ ನಗಲಿಲ್ಲ. “ತುಳುವಿನಲ್ಲಿ ಹೇಳಿ” ಎಂದಳು ಅಷ್ಟೆ.

ಹೇಳಲು ಹೊರಟು ಅಲ್ಲೇ ನಿಂತೆ. ಪಾಸಾದರೆ ಕೆಲಸ ಕೊಡುತ್ತೇವೆ ಎಂದು ತುಳುವಿನಲ್ಲಿ ಹೇಳಬಹುದಿತ್ತು, ಆದರೆ ಕಾಗದದಲ್ಲಿ ಅದು ಇಲ್ಲ. ಪಾಸಾದವರನ್ನು ನೋಡುತ್ತೇವೆ ಎಂದಷ್ಟೇ ಉಂಟು. ಯಾರು ಬೇಕಾದರೂ ಪಾಸಾಗಬಹುದು, ಎಲ್ಲಿಂದ ಬೇಕಾದರೂ ಬರಬಹುದು. ಇಷ್ಟು ವರ್ಷ ಅಲ್ಲೇ ದುಡಿದವಳು ಎಂಬ ಮಾತು ಆ ನೋಟಿಸಿನಲ್ಲಿ ಎಲ್ಲಿಯೂ ಇಲ್ಲ, ಅದನ್ನು ಸೇರಿಸಿ ಓದಿಕೊಂಡವಳು ನಾನು. ಬಸ್ಸು ಕಟಪಾಡಿ ದಾಟುವಾಗ ಆ ಫೋಟೋವನ್ನು ದೊಡ್ಡದು ಮಾಡಿ ಮತ್ತೊಮ್ಮೆ ಓದಿದೆ. ಹೆದರಿಕೆಯಾಯಿತು, ನಿಜ. ಅದರ ಜೊತೆಗೇ ಇನ್ನೊಂದೂ ಆಯಿತು: ಅಚ್ಚಾದ ಒಂದು ಮಾತಿಗೆ ಎದುರು ನಿಂತು, ಹೀಗೆ ಬರೆದರೆ ಸಾಲದು ಎಂದು ನನಗೆ ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಸೋಮವಾರ ಶಾಲೆಯ ಸಂಚಾಲಕರ ಕೋಣೆಗೆ ಹೋದೆ. ಒಳ್ಳೆಯ ಮನುಷ್ಯ, ವಯಸ್ಸಾದವರು. “ಸರ್, ಇಬ್ಬರು ಪಾಸಾಗಿ ಬಂದರೆ ಯಾರಿಗೆ?” ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. “ಟೀಚರ್, ನೀವು ನಮ್ಮವರೇ ಅಲ್ವಾ? ಇಲ್ಲಿ ಸೇವೆ ಮಾಡಿದವರಿಗೆ ಮೊದಲ ಅವಕಾಶ. ಅದರಲ್ಲಿ ಎಂತ ಸಂಶಯ?” “ಸಂಶಯ ಇಲ್ಲ ಸರ್. ಅದನ್ನೂ ನೋಟಿಸಿನಲ್ಲಿ ಬರೆದರೆ ಒಳ್ಳೆಯದಿತ್ತು.” ಹೇಳಿಬಿಟ್ಟೆ. ಅವರು ನೋಟಿಸಿನ ಪ್ರತಿ ತೆಗೆದು ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡರು. ಮುಂದಿನ ಸಭೆ ಕಳೆದು ಅಂಟಿಸಿದ ನೋಟಿಸಿನಲ್ಲಿ ಆ ಸಾಲು ಇತ್ತು.

ಅಂದಿನಿಂದ ದೌರ್ಬಲ್ಯದ ಪ್ರಶ್ನೆ ನನಗೆ ದೊಡ್ಡದೆನ್ನಿಸಲಿಲ್ಲ. ಬರೆದವರೂ ನಮ್ಮ ಸಂಚಾಲಕರಂಥವರೇ. ಕೆಟ್ಟವರಲ್ಲ, ಒಂದು ಸಾಲು ಬಿಟ್ಟಿರುತ್ತಾರೆ ಅಷ್ಟೆ. ಅಂಗಡಿಯಲ್ಲಿ ಅಚ್ಚಾದದ್ದು ಕಂಡರೆ ಸಾಕು, ನಾವಿಬ್ಬರೂ ಪೈಪೋಟಿಯಲ್ಲಿ ಓದುತ್ತಿದ್ದೆವು: ಪೇಪರಿನ ಸಂಪಾದಕೀಯ, ಕೂದಲೆಣ್ಣೆಯ ಡಬ್ಬಿ, ಹೈವೇ ಬದಿಯ ಸೈಟಿನ ಜಾಹೀರಾತು. ಅವಳು ಅನುಮಾನ ತರುವುದು, ನಾನು ಬೆರಳು ಇಡು ಎನ್ನುವುದು. ಮಾವ ಒಮ್ಮೆ, “ನೀವಿಬ್ಬರು ನಮ್ಮ ಕರಪತ್ರ ಮಾತ್ರ ಓದಬೇಡಿ” ಎಂದರು.

ಪರೀಕ್ಷೆಯ ದಿನ ಉಡುಪಿಯ ಕಾಲೇಜಿನ ಕೋಣೆಯಲ್ಲಿ ಗದ್ಯಭಾಗ ಬಂತು. ಒಬ್ಬ ಶಿಕ್ಷಕರು ಶಾಲೆಯ ಪುಸ್ತಕಗಳನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿ, ಒಂದು ಪುಟವೂ ಮುದುಡದ ಹಾಗೆ ವರ್ಷಗಟ್ಟಲೆ ಕಾಪಾಡಿದರಂತೆ. ಮಕ್ಕಳು ಗಾಜಿನಾಚೆಯಿಂದ ನೋಡಿ ಸಂತೋಷಪಟ್ಟರಂತೆ. ಅಂಥ ಶಿಸ್ತು ಈಗ ಎಲ್ಲಿ ಸಿಕ್ಕೀತು ಎಂದು ಮುಗಿದಿತ್ತು. ಶಿಕ್ಷಕರ ಬಗ್ಗೆ ಲೇಖಕರ ಧೋರಣೆ ಯಾವುದು? ಮೆಚ್ಚುಗೆ, ಕೃತಜ್ಞತೆ, ವ್ಯಂಗ್ಯ, ಉದಾಸೀನ. ಹಿಂದಿನ ನಾನಾಗಿದ್ದರೆ ಕೃತಜ್ಞತೆಗೆ ಗುರುತು ಹಾಕಿ ಕೈಮುಗಿದು ಬರುತ್ತಿದ್ದೆ. ಪ್ರಶ್ನೆಪತ್ರಿಕೆಯನ್ನು ಕವುಚಿ ಹಾಕಿ ಮನಸ್ಸಿನಲ್ಲೇ ತುಳುವಿನಲ್ಲಿ ಹೇಳಿಕೊಂಡೆ. ಮಕ್ಕಳು ಗಾಜಿನಾಚೆಯಿಂದ ನೋಡಿ ಸಂತೋಷಪಟ್ಟರು ಎನ್ನುವಾಗ ನನ್ನ ತುಟಿ ತಾನಾಗಿ ಸೊಟ್ಟಗಾಯಿತು. ಗಂಭೀರವಾಗಿ ಹೇಳಲು ಬರುವುದೇ ಇಲ್ಲ ಆ ಮಾತನ್ನು. ಬೆರಳು ಆ ಸಾಲಿನ ಮೇಲೆ ಹೋಗಿ ಕುಳಿತಿತು. ಮೂರನೆಯ ವೃತ್ತವನ್ನು ಕಪ್ಪು ಮಾಡಿದೆ.

ಪಾಸಾದೆ. ಗೆಳತಿಯೂ ಪಾಸಾದಳು, ನನಗಿಂತ ಹೆಚ್ಚು ಅಂಕದಲ್ಲಿ. ಈಗ ಮಣಿಪಾಲದ ಒಂದು ಶಾಲೆಗೆ ಹೋಗುತ್ತಾಳೆ, ಕರಪತ್ರ ಬರೆಯಲು ಜನ ಇಲ್ಲ ಎಂದು ಮಾವ ಗೊಣಗುತ್ತಾರೆ. ಫಲಿತಾಂಶ ಬಂದ ಮೇಲೆ, ಮೇ ತಿಂಗಳಲ್ಲಿ, ನನ್ನನ್ನು ಸಂಚಾಲಕರ ಕೋಣೆಗೆ ಕರೆದರು. ಮೇಜಿನ ಮೇಲೆ ನೇಮಕದ ಆದೇಶ, ಪಕ್ಕದಲ್ಲಿ ಪೆನ್ನು, ತಟ್ಟೆಯಲ್ಲಿ ಲಡ್ಡು. ಮುಖ್ಯೋಪಾಧ್ಯಾಯಿನಿ ಫೋಟೋ ತೆಗೆಯಲು ಮೊಬೈಲ್ ಹಿಡಿದು ನಿಂತಿದ್ದರು. ನನ್ನ ಹೆಸರು ಅಚ್ಚಾಗಿದ್ದನ್ನು ಕಂಡು ಕಣ್ಣು ಮಂಜಾಯಿತು. ಸಂಚಾಲಕರು ಸಹಿ ಹಾಕುವ ಜಾಗ ತೋರಿಸಿದರು.

“ಸರ್, ಒಮ್ಮೆ ಓದುತ್ತೇನೆ” ಎಂದೆ.

ಕಣ್ಣೊರೆಸಿಕೊಂಡು, ಕುರ್ಚಿ ಎಳೆದು ಕುಳಿತು, ಬಾಯಿ ಮುಚ್ಚಿ ಮೊದಲ ಸಾಲಿನಿಂದ ಓದತೊಡಗಿದೆ. ಮುಖ್ಯೋಪಾಧ್ಯಾಯಿನಿ ಮೊಬೈಲನ್ನು ಕೆಳಗಿಳಿಸಿದರು. ಎರಡನೆಯ ಪುಟದಲ್ಲಿ ಒಂದು ಷರತ್ತು ನನಗೆ ಸ್ಪಷ್ಟವಾಗಲಿಲ್ಲ. ಅಲ್ಲಿ ನಿಂತು, “ಸರ್, ಇದರ ಅರ್ಥ ಎಂತ?” ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ನನ್ನ ಪಕ್ಕಕ್ಕೆ ಬಂದು ಬಗ್ಗಿದರು, ನಾವಿಬ್ಬರೂ ಸೇರಿ ಆ ಸಾಲನ್ನು ಓದಿದೆವು.