ಬಕೆಟ್ ಅಜ್ಜಿಯ ತಕ್ಕಡಿ

ಬೆಳಗಿನ ಆರು ಗಂಟೆ. ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಅದರಡಿ ಮುಖ್ಯ ಅಡುಗೆಯವರು ಹದಿನೆಂಟು ಕಿಲೋ ಕ್ಯಾರೆಟ್, ಬೀನ್ಸ್ ಹೆಚ್ಚುತ್ತಿದ್ದಾರೆ. ಭುಜ ನೋವು, ಆಗಾಗ ಚಾಕು ಕೆಳಗಿಟ್ಟು ಕೈ ಕೊಡವುತ್ತಾರೆ. ಅರವತ್ತಕ್ಕೆ ಎರಡೇ ವರ್ಷ ಬಾಕಿ. ಇನ್ನೂರ ಹನ್ನೆರಡು ಮಕ್ಕಳಿಗೆ ಅವರು ಬಕೆಟ್ ಅಜ್ಜಿ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನೆಲ್ಲ ಒಂದು ಬಕೆಟ್ಟಿಗೆ ಸುರಿದು ತೂಗುತ್ತಾರೆ, ತೂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಹತ್ತೊಂಬತ್ತು ವರ್ಷದಿಂದ ಒಂದು ದಿನವೂ ತಪ್ಪಿಲ್ಲ. "ನಾನು ಮಾಡಿದ್ದು ಹೊಟ್ಟೆಗೆ ಹೋಯ್ತಾ, ಚರಂಡಿಗೆ ಹೋಯ್ತಾ ಅಂತ ನಂಗೆ ಗೊತ್ತಾಗ್ಬೇಕಲ್ವಾ?"

ಎರಡು ವರ್ಷದ ಹಿಂದೆ ಮೇಲಿನ ಕಚೇರಿಯಿಂದ ಆರೋಗ್ಯಕರ ಆಹಾರ ಮತ್ತು ವ್ಯಾಯಾಮದ ಯೋಜನೆ ಬಂತು. ಜೊತೆಗೆ ಬಣ್ಣದ ಪೋಸ್ಟರು, ಬಣ್ಣದ ವೇಳಾಪಟ್ಟಿ. ಎಣ್ಣೆಯಲ್ಲಿ ಕರಿದದ್ದು ಹೋಗಿ ಬೇಯಿಸಿದ ತರಕಾರಿ, ಕಾಳು ತಟ್ಟೆಗೆ ಬಂತು. ಮಕ್ಕಳು ಮೂಗು ಮುರಿದರು. ಬಕೆಟ್ಟು ದಿನಾ ಹದಿನಾಲ್ಕು ಕಿಲೋ ತೂಗತೊಡಗಿತು. ಪೋಸ್ಟರಿನ ಮಗು ಮಾತ್ರ ನಗುನಗುತ್ತಾ ಕ್ಯಾರೆಟ್ ಕಚ್ಚುತ್ತಲೇ ಇತ್ತು.

ಹೀಗಿರುವಾಗ ಒಂದು ದಿನ ಡ್ರಿಲ್ ಮೇಷ್ಟ್ರು ವೇಳಾಪಟ್ಟಿ ತಪ್ಪಾಗಿ ಓದಿ, ಊಟದ ನಂತರದ ಆಟವನ್ನು ಊಟಕ್ಕೆ ಮುಂಚೆಯೇ ಆಡಿಸಿಬಿಟ್ಟರು. ಮಕ್ಕಳು ಬೆವರು ಒರೆಸಿಕೊಳ್ಳುತ್ತಾ ಊಟಕ್ಕೆ ನುಗ್ಗಿದರು. ಅವತ್ತು ಬಕೆಟ್ಟು ಬರೀ ಐದು ಕಿಲೋ.

"ಮೇಷ್ಟ್ರು ಮುಖ ಸಣ್ಣ ಮಾಡ್ಕೊಂಡು, ತಪ್ಪಾಯ್ತಮ್ಮಾ ಅಂತ ಬಂದ್ರು. ನಾನಂದೆ, ಇದೇ ತಪ್ಪು ನಾಳೆನೂ ಮಾಡಿ ಸಾರ್. ಮುಂಚೆ ಆಟದ ಆಸೆಗೆ ಅರ್ಧಕ್ಕೇ ತಟ್ಟೆ ಬಿಟ್ಟು ಓಡ್ತಿದ್ವು. ಈಗ ಆಟ ಮುಗಿಸಿ ಬಂದಿದಾವೆ, ಹಸಿದಿದಾವೆ, ಕೂತು ತಿಂತಾವೆ."

ಅಂದಿನಿಂದ ಮಕ್ಕಳು ಮೈದಾನ ಸುತ್ತಿ ಬರುವವರೆಗೆ ಅಜ್ಜಿ ಬಾಗಿಲು ತೆರೆಯುವುದಿಲ್ಲ. ಕಾಲು ಉಳುಕಿದವರು ನಾಲ್ಕು ಸಲ ಚೆಂಡು ಎಸೆದರೂ ಸಾಕು. ಈಗ ಬಕೆಟ್ಟು ಮೂರು ಕಿಲೋ ದಾಟುವುದು ಅಪರೂಪ.

ಕಚೇರಿಗೆ ಇದು ಹಿಡಿಸಿಲ್ಲ. ವೇಳಾಪಟ್ಟಿಯಂತೆಯೇ ನಡೆಯುತ್ತೇನೆಂದು ಶುಕ್ರವಾರದೊಳಗೆ ಸಹಿ ಹಾಕಿ, ಇಲ್ಲವೇ ಕೆಲಸ ಬಿಡಿ ಎಂದು ಕಾಗದ ಕಳಿಸಿದ್ದಾರೆ. ಹತ್ತೊಂಬತ್ತು ವರ್ಷದ ದುಡಿಮೆಗೆ ಎರಡು ಸಾಲಿನ ಕಾಗದ! ಓದಿದರೆ, ಇದನ್ನು ಬರೆಯುತ್ತಿರುವ ನನಗೇ ಮೈ ಉರಿಯುತ್ತದೆ. ಹೆಡ್ ಮೇಡಂ ಬೆಂಬಲವೇನೋ ಇದೆ, ಆದರೆ ಪಿಸುಮಾತಿನಲ್ಲಿ. ಮನೆಯಲ್ಲಿ ಮಗಳದ್ದು ಒಂದೇ ಹಾಡು: "ಅಮ್ಮಾ, ಸುಮ್ನೆ ಸಹಿ ಹಾಕ್ಬಿಡು. ಈ ವಯಸ್ಸಲ್ಲಿ ಬೇರೆ ಕೆಲಸ ಯಾರು ಕೊಡ್ತಾರೆ?"

ಇವತ್ತೇ ಆ ಶುಕ್ರವಾರ. ಹನ್ನೆರಡೂವರೆಗೆ ಕಚೇರಿಯ ಸಾಹೇಬರು ಖುದ್ದಾಗಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಅಜ್ಜಿ ಸೌಟು ಹಿಡಿದೇ ಎದುರಾಗುತ್ತಾರೆ. ಸಹಿ ಹಾಕದ ಕಾಗದ, ಅದರ ಮೇಲೆ ಎರಡು ವರ್ಷದ ಕ್ಯಾಲೆಂಡರುಗಳು, ಎಲ್ಲವನ್ನೂ ಅವರ ಕೈಗೆ ಹೇರುತ್ತಾರೆ.

"ಬಿಟ್ಟಿದ್ದು ಮಕ್ಕಳು, ತೂಗಿದ್ದು ನಾನು. ಇದ್ರಲ್ಲಿ ಒಂದು ಸುಳ್ಳು ತೋರ್ಸಿ ಸಾರ್, ಈಗ್ಲೇ ಮನೆಗೆ ಹೋಗ್ತೀನಿ."

ಸಾಹೇಬರು ಹಾಳೆ ತಿರುವುತ್ತಾರೆ, ಕೆಮ್ಮುತ್ತಾರೆ. ಆಮೇಲೆ ಒಳಗೆ ಇಣುಕಿ, "ಘಮಘಮ ಅಂತಿದೆ. ಊಟ ಮಾಡ್ಕೊಂಡು ಮಾತಾಡೋಣ, ಬಡಿಸಮ್ಮಾ" ಎನ್ನುತ್ತಾರೆ.

ಅಜ್ಜಿ ಬಾಗಿಲಿಂದ ಜಗ್ಗುವುದಿಲ್ಲ.

"ಮೈದಾನ ಆ ಕಡೆ ಇದೆ ಸಾರ್. ಎರಡು ಸುತ್ತು ಓಡ್ಕೊಂಡು ಬನ್ನಿ, ಬಡಿಸ್ತೀನಿ."