ಬಾದಾಮಿ ಹಣ್ಣಾಗುತ್ತಿದ್ದ ಕೋಣೆ

ಕೋಲಾರದ ಬಸ್ ನಿಲ್ದಾಣದ ಹಿಂದೆ ಒಂದು ಗ್ಯಾಸ್ ವೆಲ್ಡಿಂಗ್ ಅಂಗಡಿಯಿದೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಮೂಗಿಗೆ ಬಡಿದು, ನನ್ನ ನಡಿಗೆ ತಾನಾಗಿ ಬಿರುಸಾಗುತ್ತದೆ. ಅದು ಕಾರ್ಬೈಡಿನ ವಾಸನೆ. ಮಾವಿನ ಕಾಲ ಬಂತೆಂದರೆ ಯಲ್ದೂರಿನ ನಮ್ಮ ಹೆಂಚಿನ ಮನೆಗೆ ಸಂಜೆ ಚಿಕ್ಕಮ್ಮನ ಜೊತೆ ಬರುತ್ತಿದ್ದ ವಾಸನೆ.

ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ ಮುನಿರತ್ನ, ಗಂಡ ತೀರಿಕೊಂಡ ಮೇಲೆ ನಮ್ಮೊಂದಿಗೇ ಇದ್ದಳು. ಶ್ರೀನಿವಾಸಪುರದ ಒಂದು ಮಾವಿನ ಮಂಡಿಯಲ್ಲಿ ಕೆಲಸ. ಕಿಟಕಿಯಿಲ್ಲದ ಕೋಣೆ, ತಗ್ಗಾದ ಚಪ್ಪಡಿ ಸೂರು, ಎದೆಮಟ್ಟದ ಬಾದಾಮಿ ಮಾವಿನಕಾಯಿಗಳ ರಾಶಿ. ಅದರ ಮೇಲೆ ತೆವಳಿಕೊಂಡು ಹೋಗಿ, ಕಾಯಿ ಬೇಗ ಹಣ್ಣಾಗಲೆಂದು ಕಾರ್ಬೈಡಿನ ಪೊಟ್ಟಣಗಳನ್ನು ಸಂದಿಗಳಿಗೆ ತುರುಕಬೇಕು. ಕಾವು ಹೊರಗೆ ಹೋಗಬಾರದೆಂದು ಮೇಸ್ತ್ರಿ ಬಾಗಿಲು ಮುಚ್ಚಿರುತ್ತಿದ್ದ. ಬೆವರು ತಾಗಿದ ಪೊಟ್ಟಣ ಅಂಗೈ ಸುಡುತ್ತಿತ್ತು. ಮನೆಗೆ ಬಂದರೂ ಅವಳಿಗೆ ಕೂರಲಾಗುತ್ತಿರಲಿಲ್ಲ. ಕೆಮ್ಮುತ್ತ ಜಗಲಿಗೂ ಹಿತ್ತಿಲಿಗೂ ನಡೆಯುತ್ತಲೇ ಇರುತ್ತಿದ್ದಳು. ಆ ಹೆಜ್ಜೆಯ ಸದ್ದಿಗೆ ನಾನೂ ಪುಸ್ತಕದ ಮುಂದೆ ಚಡಪಡಿಸುತ್ತಿದ್ದೆ. ಒಂದು ಸಂಜೆ ಅವಳು ತಲೆ ಬಾಚಲು ಕರೆದಾಗ, "ನಿನ್ ಕೈ ವಾಸನೆ, ಮುಟ್ಬೇಡ" ಅಂದುಬಿಟ್ಟೆ. ಅವಳು ಹುಣಸೆಹಣ್ಣು ಹಚ್ಚಿ ಕೈ ತೊಳೆದಳು, ಮೂಸಿ ನೋಡಿ ಮತ್ತೆ ತೊಳೆದಳು. ಆಮೇಲೆಂದೂ ಕರೆಯಲಿಲ್ಲ.

ಆ ವರ್ಷವೇ ಒಂದು ಮಧ್ಯಾಹ್ನ ಅವಳ ಜೊತೆಗಾರ್ತಿ ಶಾಹಿದಾ ರಾಶಿಯ ಆಚೆ ತುದಿಯಲ್ಲಿ ಎಚ್ಚರ ತಪ್ಪಿ ಬಿದ್ದಳು. ಚಿಕ್ಕಮ್ಮ ಕತ್ತಲಲ್ಲಿ ತಡಕಿ, ಅವಳ ಕಾಲು ಹಿಡಿದೆಳೆದು, ಬಾಗಿಲು ಒದ್ದು ಹೊರಗೆ ತಂದಳು. ಮರುದಿನ ಕೆಲಸಕ್ಕೆ ಹೋಗಲಿಲ್ಲ. ಮೇಸ್ತ್ರಿಯೇ ನಮ್ಮ ಜಗಲಿಗೆ ಬಂದ.

"ಕಾಯಿ ಹಂಗೇ ಬಿದ್ದವೆ, ಬರಲ್ವೇನಮ್ಮಾ?"

"ಬಾಗ್ಲು ತೆಗ್ದಿಟ್ರೆ ಬರ್ತೀನಿ ಅಣ್ಣಾ."

"ತೆಗ್ದ್ರೆ ಹಣ್ಣಾಗಲ್ಲ ಕಣಮ್ಮಾ."

"ಹಂಗಾದ್ರೆ ನೀನೇ ಒಳಕ್ಕೋಗಿ ಕೂತ್ಕೋ."

ಅವನು ಎದ್ದುಹೋದ. ಕೆಲಸ ಕಳೆದುಕೊಂಡಳೆಂದು ಅಜ್ಜಿ ರಾತ್ರಿಯವರೆಗೂ ತೆಲುಗಿನಲ್ಲಿ ಬೈದಳು. ಚಿಕ್ಕಮ್ಮ ಮತ್ತೆ ಮಂಡಿಯ ಕಡೆ ತಿರುಗಿ ನೋಡಲಿಲ್ಲ. ಯಾರ್ಯಾರದೋ ತೋಟಗಳಲ್ಲಿ ಟೊಮೆಟೊ ಬಿಡಿಸಿದಳು. ಕೆಮ್ಮು ಮಾತ್ರ ಬಿಡಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ತೀರಿಕೊಂಡಳು. ಆ ಮನೆಯೂ ಈಗಿಲ್ಲ, ಜಗಲಿಯಿದ್ದ ಕಡೆ ಯಾರೋ ಶೆಡ್ಡು ಹಾಕಿದ್ದಾರೆ. ನಿಮ್ಮ ಬಾಲ್ಯದ ಮನೆಯೂ ಹೀಗೆಯೇ ಬೇರೆಯವರದಾಗಿರಬಹುದು.

ಹೋದ ತಿಂಗಳು ಬಸ್ಸಿನಲ್ಲಿ ಶಾಹಿದಾ ಸಿಕ್ಕರು. ಈಗ ಮೊಮ್ಮಕ್ಕಳಿರುವ ಅಜ್ಜಿ. ನನ್ನ ಗುರುತು ಹಿಡಿದು ಕೈ ಬಿಡಲೇ ಇಲ್ಲ.

"ನಿನ್ ಚಿಕ್ಕಮ್ಮ ನನ್ನ ಎಳೀವಾಗ ಜೋರಾಗಿ ಅಳ್ತಾ ಇದ್ಲು ಕಣೇ. ಕಣ್ಣು ಬಿಡಕ್ಕಾಗ್ತಿರ್ಲಿಲ್ಲ, ಕೇಳಿಸ್ತಾ ಇತ್ತು" ಅಂದರು.

ನಮ್ಮ ಮನೆಯಲ್ಲಿ ಚಿಕ್ಕಮ್ಮ ಅತ್ತದ್ದನ್ನು ಯಾರೂ ಕೇಳಿದವರಿಲ್ಲ.